ಕಲವಾವೊದ ಫಾದರ್ ಡೇಮಿಯನ್: ಸೇವೆ ಮತ್ತು ಸಾವಿನ ಸಾಮೀಪ್ಯ

ಕ್ರೈಸ್ತ ಪರಂಪರೆಯಲ್ಲಿ ಹುತಾತ್ಮರ ಚರಿತೆಗಳಿಗೆ ಒಂದು ನಿಶ್ಚಿತವಾದ ವಿನ್ಯಾಸವಿದೆ. ಪ್ರಭುತ್ವದ ಎದುರು ನಂಬಿಕೆಯನ್ನು ಬಿಟ್ಟುಕೊಡದೆ ಖಡ್ಗಕ್ಕೋ ಬೆಂಕಿಗೋ ತಮ್ಮನ್ನು ಒಡ್ಡಿಕೊಂಡವರ ಕಥೆಗಳು ಅವು. ಅಲ್ಲಿ ಸಾವು ಒಂದು ಗಳಿಗೆಯ ಘಟನೆ. ಆ ಗಳಿಗೆಯಲ್ಲಿ ತೋರಿದ ಧೈರ್ಯವೇ ಹಿಂದಿನ ಬದುಕಿಗೆಲ್ಲ ಅರ್ಥವನ್ನು ಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹವಾಯಿ ದ್ವೀಪಗಳ ಕುಷ್ಠರೋಗಿಗಳ ನಡುವೆ ಬದುಕಿ, ಅದೇ ರೋಗದಿಂದ ತೀರಿಕೊಂಡ ಬೆಲ್ಜಿಯಂ ದೇಶದ ಪಾದ್ರಿ ಫಾದರ್ ಡೇಮಿಯನ್ ಅವರ ಜೀವನವನ್ನು ಈ ವಿನ್ಯಾಸದೊಳಗೆ ಇರಿಸುವುದು ಕಷ್ಟ. ಅವರ ಸಾವು ಹದಿನಾರು ವರ್ಷಗಳಷ್ಟು ದೀರ್ಘವಾದುದು. ಅದಕ್ಕೆ ಕೊಲೆಗಡುಕನಿಲ್ಲ, ವಧಾಸ್ಥಾನವಿಲ್ಲ. ದಿನನಿತ್ಯದ ಗಾಯ ತೊಳೆಯುವಿಕೆ, ಶವಪೆಟ್ಟಿಗೆಯ ಬಡಗಿ ಕೆಲಸ, ಮೇಲಧಿಕಾರಿಗಳೊಡನೆ ಪತ್ರಜಗಳ ಇವುಗಳ ನಡುವೆ ನಿಧಾನವಾಗಿ ಸಮೀಪಿಸಿದ ಸಾವು ಅದು. ಈ ಕಾರಣದಿಂದಲೇ ಅವರ ಬಗೆಗೆ ಬರೆದವರು ಮೊದಲಿನಿಂದಲೂ ಎರಡು ತುದಿಗಳಿಗೆ ಸರಿದಿದ್ದಾರೆ. ಒಂದು ಕಡೆ ಕುಂದಿಲ್ಲದ ಸಂತನ ಚಿತ್ರ. ಇನ್ನೊಂದು ಕಡೆ, ಅವರು ತೀರಿಕೊಂಡ ವರ್ಷವೇ ಹೊರಬಿದ್ದ, ಅವರ ನಡತೆಯನ್ನೇ ಶಂಕಿಸಿದ ಆರೋಪಪತ್ರ. ಇವೆರಡರ ನಡುವೆ ಇರುವ ಮನುಷ್ಯನನ್ನು ಗುರುತಿಸಲು ಸಾಧ್ಯವೇ ಎಂಬುದು ಈ ಬರಹದ ಕಾಳಜಿ.

ಅವರ ಹುಟ್ಟುಹೆಸರು ಜೋಸೆಫ್ ಡಿ ವ್ಯೂಸ್ಟರ್. 1840ರ ಜನವರಿ 3ರಂದು ಬೆಲ್ಜಿಯಂನ ಫ್ಲೆಮಿಶ್ ಭಾಷಾಪ್ರದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ಜನನ. ತಂದೆ ಫ್ರಾನ್ಸ್ ದವಸಧಾನ್ಯದ ವ್ಯಾಪಾರಿ. ಮಗ ವ್ಯಾಪಾರವನ್ನು ಮುಂದುವರಿಸಲಿ ಎಂಬುದು ತಂದೆಯ ಇಚ್ಛೆಯಾಗಿತ್ತು. ಅದಕ್ಕೆ ಬೇಕಾದ ಫ್ರೆಂಚ್ ಭಾಷೆ ಕಲಿಯಲೆಂದು ಅವನನ್ನು ಬ್ರೇನ್-ಲ-ಕೋಂಟ್ ಎಂಬ ಊರಿನ ಶಾಲೆಗೆ ಕಳುಹಿಸಲಾಗಿತ್ತು. ಆದರೆ ಮನೆಯ ವಾತಾವರಣ ಬೇರೆಯೇ ದಿಕ್ಕಿಗೆ ಸೆಳೆಯುತ್ತಿತ್ತು. ಇಬ್ಬರು ಅಕ್ಕಂದಿರು ಸನ್ಯಾಸಿನಿಯರಾಗಿದ್ದರು. ಅಣ್ಣ ಆಗಸ್ಟ್, ಯೇಸು ಮತ್ತು ಮರಿಯಮ್ಮನವರ ಪವಿತ್ರ ಹೃದಯಗಳ ಸಭೆಯನ್ನು ಸೇರಿ ಪ್ಯಾಂಫಿಲ್ ಎಂಬ ಹೆಸರು ಪಡೆದು ಲೂವೇನ್‌ನಲ್ಲಿದ್ದ. 1859ರಲ್ಲಿ ಜೋಸೆಫನೂ ಅದೇ ಸಭೆಯನ್ನು ಸೇರಿದ. ವೈದ್ಯಸಂತ ಡೇಮಿಯನ್ನನ ಹೆಸರು ಅವನದಾಯಿತು. ಗುರುಪಟ್ಟಕ್ಕೆ ಬೇಕಾದಷ್ಟು ವಿದ್ಯಾಭ್ಯಾಸವಿಲ್ಲವೆಂಬ ಕಾರಣಕ್ಕೆ ಅವನನ್ನು ಮೊದಲು ಕೇವಲ ಸಹಾಯಕ ಸಹೋದರನಾಗಿ ಸೇರಿಸಿಕೊಂಡರು. ಅಣ್ಣನಿಂದ ಲ್ಯಾಟಿನ್ ಕಲಿತು, ಹಟದಿಂದ ಮುಂದುವರಿದು ಗುರುವಿದ್ಯಾರ್ಥಿಯಾಗುವ ಅನುಮತಿಯನ್ನು ಪಡೆದ. ಈ ಹಟ ಮುಂದೆಯೂ ಮರೆಯಾಗುವುದಿಲ್ಲ.

1860ರ ಅಕ್ಟೋಬರ್ 7ರಂದು ಪ್ಯಾರಿಸ್ಸಿನಲ್ಲಿ ಡೇಮಿಯನ್ ಶಾಶ್ವತ ವ್ರತಗಳನ್ನು ಸ್ವೀಕರಿಸಿದರು. ಈ ವಿಧಿಯ ಒಂದು ವಿವರ ಇಲ್ಲಿ ಮುಖ್ಯವಾದುದು. ವ್ರತ ಸ್ವೀಕರಿಸುವವರು ನೆಲದ ಮೇಲೆ ಬೋರಲಾಗಿ ಮಲಗುತ್ತಾರೆ. ಅವರ ಮೇಲೆ ಶವಸಂಸ್ಕಾರದಲ್ಲಿ ಬಳಸುವ ಹೊದಿಕೆಯನ್ನು ಹೊದಿಸಲಾಗುತ್ತದೆ. ಲೋಕದ ಪಾಲಿಗೆ ತೀರಿಕೊಂಡವನು ಎಂಬುದು ಅದರ ಸಂಕೇತ. ಇಂತಹ ವಿಧಿಗಳು ಸಾಮಾನ್ಯವಾಗಿ ಸಂಕೇತಗಳಾಗಿಯೇ ಉಳಿಯುತ್ತವೆ. ಡೇಮಿಯನ್ ಮಾತ್ರ ಅದನ್ನು ಮರೆಯಲಿಲ್ಲ. ಹದಿಮೂರು ವರ್ಷಗಳ ನಂತರ ಕುಷ್ಠರೋಗಿಗಳ ನಡುವೆ ಉಳಿಯಲು ಒಪ್ಪಿದುದನ್ನು ವಿವರಿಸುವಾಗ, ಆ ಹೊದಿಕೆಯ ಅಡಿಯಲ್ಲಿ ತಾನು ಆಗಲೇ ಮಲಗಿದ್ದೆನೆಂಬುದನ್ನು ಅವರು ನೆನೆದುಕೊಂಡರು. ಅವರ ನಿರ್ಧಾರವನ್ನು ಒಂದು ಕ್ಷಣದ ಭಾವಾವೇಶವೆಂದು ಬಗೆಯುವವರು ಈ ಸ್ಮರಣೆಯನ್ನು ಗಮನಿಸಬೇಕು.

ಹವಾಯಿಗೆ ಹೋಗಬೇಕಾಗಿದ್ದವರು ವಾಸ್ತವವಾಗಿ ಪ್ಯಾಂಫಿಲ್. ಅವರಿಗೆ ವಿಷಮಜ್ವರ ತಗಲಿತು. ತನ್ನನ್ನು ಬದಲಿಗೆ ಕಳುಹಿಸಬೇಕೆಂದು ಡೇಮಿಯನ್ ಸ್ಥಳೀಯ ಮೇಲಧಿಕಾರಿಯನ್ನು ಕೇಳದೆ ನೇರವಾಗಿ ಪ್ಯಾರಿಸ್ಸಿನ ಮಹಾಧಿಪತಿಗೆ ಬರೆದರು. ಅನುಮತಿ ದೊರೆಯಿತು. 1863ರ ಕೊನೆಯಲ್ಲಿ ಜರ್ಮನಿಯ ಬ್ರೆಮರ್‌ಹಾವೆನ್ ಬಂದರಿನಿಂದ ಹೊರಟ ಹಡಗು 1864ರ ಮಾರ್ಚ್ 19ರಂದು ಹೊನೊಲುಲು ತಲುಪಿತು. ಅದೇ ವರ್ಷದ ಮೇ 21ರಂದು ಅಲ್ಲಿನ ಪ್ರಧಾನ ದೇವಾಲಯದಲ್ಲಿ ಬಿಷಪ್ ಮೆಗ್ರೆ ಅವರಿಂದ ಗುರುಪಟ್ಟ ದೊರೆಯಿತು. ಅನಂತರದ ಒಂಬತ್ತು ವರ್ಷಗಳು ಹವಾಯಿಯ ದೊಡ್ಡ ದ್ವೀಪದಲ್ಲಿ, ಮೊದಲು ಪುನ, ಆಮೇಲೆ ಕೊಹಾಲ ಮತ್ತು ಹಮಾಕುವ ಪ್ರದೇಶಗಳಲ್ಲಿ ಕಳೆದವು. ಸ್ಥಳೀಯ ಭಾಷೆಯನ್ನು ಕಲಿತರು. ತಮ್ಮ ಕೈಯಿಂದಲೇ ಮರ ಹೊತ್ತು ಪ್ರಾರ್ಥನಾಲಯಗಳನ್ನು ಕಟ್ಟಿದರು. ಈ ಅವಧಿಯ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ.

ಹೇಳಬೇಕಾದುದು ಹವಾಯಿಯ ಸ್ಥಿತಿಯನ್ನು. 1778ರಲ್ಲಿ ಕ್ಯಾಪ್ಟನ್ ಕುಕ್ ಬಂದ ನಂತರ ಹೊರಗಿನಿಂದ ಬಂದ ರೋಗಗಳಿಗೆ ಅಲ್ಲಿನ ಮೂಲನಿವಾಸಿಗಳು ತುತ್ತಾಗುತ್ತಲೇ ಹೋದರು. 1872ರ ಜನಗಣತಿಯ ವೇಳೆಗೆ ಇಡೀ ರಾಜ್ಯದ ಜನಸಂಖ್ಯೆ ಸುಮಾರು 57 ಸಾವಿರಕ್ಕೆ ಇಳಿದಿತ್ತು. ಕುಷ್ಠವೂ ಹೀಗೆ ಹೊರಗಿನಿಂದ ಬಂದುದೇ. 1865ರಲ್ಲಿ ಐದನೆಯ ಕಮೆಹಮೆಹ ರಾಜನ ಆಳ್ವಿಕೆಯಲ್ಲಿ ಕುಷ್ಠರೋಗ ತಡೆ ಕಾಯಿದೆ ಜಾರಿಗೆ ಬಂದಿತು. ರೋಗಿಗಳನ್ನು ಹಿಡಿದು ಮೊಲೊಕಾಯ್ ದ್ವೀಪದ ಉತ್ತರದಲ್ಲಿರುವ ಕಲೌಪಾಪ ಎಂಬ ಭೂಶಿರಕ್ಕೆ ಸಾಗಿಸುವುದು ಇದರ ಕ್ರಮ. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ನೆಟ್ಟಗೆ ಎದ್ದುನಿಂತ ಕಡಿದಾದ ಬೆಟ್ಟ. ಬೇಲಿಯ ಅಗತ್ಯವಿಲ್ಲದ ಸೆರೆಮನೆ. 1866ರ ಜನವರಿಯಲ್ಲಿ ಮೊದಲ ತಂಡವನ್ನು ಭೂಶಿರದ ಪೂರ್ವಭಾಗದ ಕಲವಾವೊದಲ್ಲಿ ಇಳಿಸಲಾಯಿತು. ರೋಗಿಗಳು ತಾವೇ ಬೆಳೆದು ತಿಂದು ಬದುಕುತ್ತಾರೆ ಎಂಬುದು ಸರ್ಕಾರದ ಲೆಕ್ಕಾಚಾರ. ಬೆರಳುಗಳು ಸವೆದವರು ನೇಗಿಲು ಹಿಡಿಯುವುದು ಹೇಗೆಂದು ಯಾರೂ ಯೋಚಿಸಿದಂತಿಲ್ಲ. ಕಾಯಿದೆ ಕೊನೆಗೊಂಡ 1969ರವರೆಗೆ ಸುಮಾರು 8,000 ಮಂದಿ ಅಲ್ಲಿಗೆ ಸಾಗಿಸಲ್ಪಟ್ಟರು. ಅವರಲ್ಲಿ ಬಹುಪಾಲು ಮೂಲನಿವಾಸಿಗಳು. ಹವಾಯಿಯ ಜನ ತಮ್ಮ ಭಾಷೆಯಲ್ಲಿ ಈ ರೋಗಕ್ಕೆ ಬೇರ್ಪಡಿಸುವ ರೋಗವೆಂಬ ಅರ್ಥದ ಹೆಸರಿಟ್ಟುಕೊಂಡಿದ್ದರು. ದೇಹಕ್ಕೆ ಆಗುವ ಹಾನಿಗಿಂತ ಬಂಧುಗಳಿಂದ ಆಗುವ ಅಗಲಿಕೆಯೇ ಅವರ ಪಾಲಿಗೆ ರೋಗದ ಲಕ್ಷಣವಾಗಿತ್ತು ಎಂಬುದು ಗಮನಾರ್ಹ.

ಈ ಅಗಲಿಕೆಯನ್ನು ಒಪ್ಪದೆ ರೋಗಿಗಳ ಜೊತೆಗೇ ಹೊರಟು ಬಂದ ಗಂಡ, ಹೆಂಡತಿ, ತಾಯಿ, ಮಕ್ಕಳು ಇದ್ದರು. ಅವರನ್ನು ಕೊಕುವ, ಅಂದರೆ ನೆರವಿಗೆ ನಿಂತವರು ಎಂದು ಕರೆಯುತ್ತಿದ್ದರು. ಡೇಮಿಯನ್ ಬಂದ 1873ರಲ್ಲಿಯೇ ಮಾರ್ಮನ್ ಪಂಥದ ಹವಾಯಿ ನಾಯಕ ಜೊನಾಥನ್ ನಪೇಲ ತಮ್ಮ ಪತ್ನಿಯೊಡನೆ ಅಲ್ಲಿಗೆ ಬಂದರು. ತಾವೂ ರೋಗಕ್ಕೆ ಗುರಿಯಾಗಿ 1879ರಲ್ಲಿ ಅಲ್ಲಿಯೇ ತೀರಿಕೊಂಡರು. ಡೇಮಿಯನ್ ಚರಿತೆಗಳಲ್ಲಿ ನಪೇಲ ಅವರಿಗೆ ಹೆಚ್ಚೆಂದರೆ ಒಂದು ವಾಕ್ಯ ದೊರೆಯುತ್ತದೆ. ಹೆಸರೇ ಉಳಿಯದ ನೂರಾರು ಕೊಕುವರಿಗೆ ಅದೂ ಇಲ್ಲ. ಯುರೋಪಿನ ಪಾದ್ರಿಯೊಬ್ಬನ ತ್ಯಾಗ ಮಾತ್ರ ಲೋಕದ ಕಣ್ಣಿಗೆ ಬಿದ್ದುದಕ್ಕೆ ವಸಾಹತು ಕಾಲದ ಪತ್ರಿಕೆಗಳ ಆಸಕ್ತಿಯೂ ಕಾರಣ. ಹೀಗೆ ಹೇಳುವುದರಿಂದ ಡೇಮಿಯನ್ನರ ಹಿರಿಮೆ ಕುಗ್ಗುವುದಿಲ್ಲ. ಅವರು ಕಾಲಿಟ್ಟದ್ದು ತ್ಯಾಗವೇ ಇಲ್ಲದ ಬಯಲಿಗಲ್ಲ ಎಂಬುದಷ್ಟೇ ತಿಳಿಯುತ್ತದೆ.

1873ರ ಮೇ ತಿಂಗಳಲ್ಲಿ ಮಾವಿ ದ್ವೀಪದ ವೈಲುಕು ಎಂಬಲ್ಲಿ ಹೊಸ ದೇವಾಲಯದ ಪ್ರತಿಷ್ಠೆಗೆ ಪಾದ್ರಿಗಳು ಸೇರಿದ್ದಾಗ ಬಿಷಪ್ ಮೆಗ್ರೆ ಕಲವಾವೊದ ಕಥೋಲಿಕ ರೋಗಿಗಳ ಕೋರಿಕೆಯನ್ನು ಪ್ರಸ್ತಾಪಿಸಿದರು. ಯಾರನ್ನೂ ಅಲ್ಲಿಗೆ ಹೋಗೆಂದು ಆಜ್ಞಾಪಿಸಲು ಅವರಿಗೆ ಮನಸ್ಸಿರಲಿಲ್ಲ. ನಾಲ್ವರು ಸರದಿಯಂತೆ ಹೋಗಲು ಮುಂದೆ ಬಂದರು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು ಬಿಷಪ್ಪರೊಡನೆ ದನಗಳನ್ನೂ ರೋಗಿಗಳನ್ನೂ ಹೊತ್ತ ಹಡಗಿನಲ್ಲಿ ಬಂದಿಳಿದರು. ಆಗ ಅವರ ವಯಸ್ಸು 33. ಉಳಿದ ಮೂವರ ಸರದಿ ಬರಲೇ ಇಲ್ಲ. ಬಂದ ಕೆಲವೇ ದಿನಗಳಲ್ಲಿ ಇಲ್ಲಿಯೇ ಉಳಿಯುವ ಇಚ್ಛೆಯನ್ನು ಅವರು ತಿಳಿಸಿದರು. ವಾಸಕ್ಕೆ ಮನೆಯಿರಲಿಲ್ಲ. ಸಂತ ಫಿಲೊಮಿನ ಪ್ರಾರ್ಥನಾಲಯದ ಪಕ್ಕದ ಒಂದು ಕೇದಗೆ ಜಾತಿಯ ಮರದ ಕೆಳಗೆ ಮಲಗಿದರು.

ಅದೇ 1873ರಲ್ಲಿ ನಾರ್ವೆಯ ಬರ್ಗೆನ್ ನಗರದಲ್ಲಿ ವೈದ್ಯ ಹ್ಯಾನ್ಸೆನ್ ಕುಷ್ಠಕ್ಕೆ ಕಾರಣವಾದ ರೋಗಾಣುವನ್ನು ಗುರುತಿಸಿದ. ಭೂಗೋಳದ ಎರಡು ತುದಿಗಳಲ್ಲಿ ನಡೆದ ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೆ ಆ ಕಾಲಕ್ಕೆ ರೋಗದ ಬಗೆಗಿನ ತಿಳಿವಳಿಕೆ ಎಷ್ಟು ಅಸ್ಪಷ್ಟವಾಗಿತ್ತೆಂಬುದನ್ನು ಅರಿಯಲು ಇದು ಸಹಾಯಕ. ಅದು ವಂಶಪಾರಂಪರ್ಯವೆಂದು ಹಲವರು, ಲೈಂಗಿಕ ರೋಗದ ಒಂದು ಹಂತವೆಂದು ಇನ್ನು ಕೆಲವರು ನಂಬಿದ್ದರು. ಇವುಗಳ ಜೊತೆಗೆ ಪಾಪದ ಫಲವೆಂಬ ಹಳೆಯ ಭಾವನೆಯೂ ಇತ್ತು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ಹೀಬ್ರೂ ಪದ ಹಲವು ಬಗೆಯ ಚರ್ಮದ ದೋಷಗಳನ್ನು, ಬಟ್ಟೆ ಮತ್ತು ಗೋಡೆಯ ಮೇಲಿನ ಬೂಷ್ಟನ್ನು ಕೂಡ ಸೂಚಿಸುತ್ತದೆ. ಅನುವಾದಗಳು ಅದನ್ನು ಒಂದೇ ರೋಗದ ಹೆಸರಿಗೆ ಇಳಿಸಿದವು. ಕನ್ನಡ ಬೈಬಲಿನಲ್ಲಿಯೂ ಕುಷ್ಠವೆಂಬ ಪದವೇ ನೆಲೆನಿಂತಿತು. ಅನುವಾದದ ಒಂದು ಪದ ರೋಗಿಗಳ ತಲೆಯ ಮೇಲೆ ಎಷ್ಟು ಭಾರವನ್ನು ಹೇರಬಲ್ಲುದು ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಡೇಮಿಯನ್ ಅಲ್ಲಿ ಮಾಡಿದ ಕೆಲಸದ ಪಟ್ಟಿ ಎಲ್ಲ ಚರಿತೆಗಳಲ್ಲೂ ಇದೆ. ಗಾಳಿಮಳೆಗೆ ಉರುಳಿದ ಗುಡಿಸಲುಗಳ ಜಾಗದಲ್ಲಿ ಹಲಗೆಯ ಮನೆಗಳು, ನೀರಿನ ಕೊಳವೆ, ಅನಾಥ ಮಕ್ಕಳ ವಸತಿ, ಗಾಯಗಳಿಗೆ ಪಟ್ಟಿ. ಇವುಗಳಲ್ಲಿ ನನಗೆ ಮುಖ್ಯವೆನಿಸುವುದು ಸತ್ತವರಿಗಾಗಿ ಅವರು ಮಾಡಿದ ಕೆಲಸ. ಅವರು ಬರುವ ಮೊದಲು ಹೆಣಗಳನ್ನು ಆಳವಿಲ್ಲದ ಗುಂಡಿಗಳಲ್ಲಿ ಹೂಳಲಾಗುತ್ತಿತ್ತು. ಪ್ರಾಣಿಗಳು ಅವನ್ನು ಕೆದಕುತ್ತಿದ್ದವು. ಡೇಮಿಯನ್ ಸ್ಮಶಾನಕ್ಕೆ ಬೇಲಿ ಹಾಕಿದರು, ಗುಂಡಿಗಳನ್ನು ಆಳವಾಗಿ ತೋಡಿದರು, ಶವಪೆಟ್ಟಿಗೆಗಳನ್ನು ತಾವೇ ಮಾಡಿದರು. ಶವಯಾತ್ರೆಗೆ ರೋಗಿಗಳದೇ ಸಂಘವಿತ್ತು. ವಾದ್ಯವಿತ್ತು, ಹಾಡುವವರ ಮೇಳವಿತ್ತು. ಬದುಕಿದ್ದಾಗಲೇ ಸತ್ತವರೆಂದು ಎಣಿಸಲ್ಪಟ್ಟವರಿಗೆ ಸತ್ತ ಮೇಲೆ ಮನುಷ್ಯರ ಮರ್ಯಾದೆ ಸಲ್ಲತೊಡಗಿತು. ತಾನು ಅಲಕ್ಷಿತನಾಗಿ ಸಾಯುವುದಿಲ್ಲವೆಂಬ ಭರವಸೆ ಇದ್ದವನು ಉಳಿದಿರುವ ದಿನಗಳನ್ನು ಬೇರೆ ರೀತಿಯಲ್ಲಿ ಬದುಕುತ್ತಾನೆ. ಕಲವಾವೊದಲ್ಲಿ ಆದ ಬದಲಾವಣೆಯ ಮೂಲ ಸ್ಮಶಾನದ ಬೇಲಿಯಲ್ಲಿದೆಯೆಂದರೆ ಅತಿಶಯೋಕ್ತಿಯಾಗದು.

ಅವರ ಸ್ವಭಾವ ಮೃದುವಾಗಿರಲಿಲ್ಲ. ಗೆಡ್ಡೆಯಿಂದ ಕಳ್ಳಭಟ್ಟಿ ಇಳಿಸುತ್ತಿದ್ದವರ ಮೇಲೆ ಕೋಲು ಹಿಡಿದು ಹೋಗುತ್ತಿದ್ದರು. ತಮ್ಮ ಸಭೆಯ ಸಹಪಾದ್ರಿಗಳೊಡನೆಯೂ ಹೊಂದಾಣಿಕೆ ಕಷ್ಟವಾಗಿತ್ತು. 1874ರಿಂದ 1880ರವರೆಗೆ ಫಾದರ್ ಬರ್ಗರ್‌ಮನ್, 1881ರಿಂದ 1885ರವರೆಗೆ ಫಾದರ್ ಮೊಂಟಿಟನ್ ದ್ವೀಪದಲ್ಲಿದ್ದಾಗ ಜಗಳಗಳೇ ಹೆಚ್ಚು. ಸರ್ಕಾರದ ಆರೋಗ್ಯ ಮಂಡಳಿಗೆ ಹಲಗೆ, ಬಟ್ಟೆ, ಔಷಧಿಗಾಗಿ ಬಿಡದೆ ಬರೆದು ಬೇಸರ ಹುಟ್ಟಿಸಿದರು. 1881ರಲ್ಲಿ ಆಗ ರಾಜ್ಯವನ್ನು ನಡೆಸುತ್ತಿದ್ದ ರಾಜಕುಮಾರಿ ಲಿಲಿಯುವೊಕಲಾನಿ ಕಲವಾವೊಗೆ ಭೇಟಿ ನೀಡಿ, ಅವರಿಗೆ ರಾಜ್ಯದ ಗೌರವ ಪದಕವನ್ನು ಕಳುಹಿಸಿದರು. ಹೊರಲೋಕದಲ್ಲಿ ಹೆಸರು ಬೆಳೆದಂತೆ ದೇಣಿಗೆಗಳು ಬಂದವು. ಲಂಡನ್ನಿನ ಆಂಗ್ಲಿಕನ್ ಪಾದ್ರಿ ಚಾಪ್‌ಮನ್ ಸಂಗ್ರಹಿಸಿದ ಹಣವೂ ಬಂದಿತು. ಸರ್ಕಾರ ತನ್ನ ಕರ್ತವ್ಯವನ್ನು ಮಾಡುತ್ತಿಲ್ಲವೆಂಬ ಅರ್ಥ ಇದರಿಂದ ಹೊರಡುತ್ತದೆಂದು ಹೊನೊಲುಲುವಿನ ಅಧಿಕಾರಿಗಳೂ, ಅವರೊಡನೆ ಸೌಹಾರ್ದವನ್ನು ಬಯಸಿದ ಸ್ವಂತ ಸಭೆಯ ಮೇಲಧಿಕಾರಿಗಳೂ ಅಸಮಾಧಾನಗೊಂಡರು.

ಅವರನ್ನು ಕಾಡಿದ ನಿಜವಾದ ಭಯ ರೋಗದ್ದಲ್ಲ. ಕಥೋಲಿಕ ಪಾದ್ರಿಗೆ ಪಾಪನಿವೇದನೆ ನಿಯತವಾದ ಕರ್ತವ್ಯ. ಅದಕ್ಕೆ ಇನ್ನೊಬ್ಬ ಪಾದ್ರಿ ಬೇಕು. ಮೊದಲ ವರ್ಷವೇ ಆರೋಗ್ಯ ಮಂಡಳಿ ಅವರನ್ನು ವಸಾಹತಿನಿಂದ ಹೊರಹೋಗದಂತೆ ನಿರ್ಬಂಧಿಸಿತ್ತು. ಆಗ ಅವರ ಸಭೆಯ ಪ್ರಾಂತಾಧಿಕಾರಿ ಹಡಗಿನಲ್ಲಿ ಬಂದರು. ಅವರಿಗೆ ಇಳಿಯಲು, ಡೇಮಿಯನ್ನರಿಗೆ ಹತ್ತಲು ಅನುಮತಿ ದೊರೆಯಲಿಲ್ಲ. ಡೇಮಿಯನ್ ಸಣ್ಣ ದೋಣಿಯಲ್ಲಿ ನಿಂತು, ಮೇಲೆ ಅಟ್ಟದಲ್ಲಿದ್ದ ಹಿರಿಯರಿಗೆ ತಮ್ಮ ಪಾಪಗಳನ್ನು ಕೂಗಿ ಹೇಳಿ ಕ್ಷಮಾಪಣೆ ಪಡೆದರು. ಸುತ್ತಲಿದ್ದವರಿಗೆ ತಿಳಿಯದಿರಲೆಂದು ಫ್ರೆಂಚಿನಲ್ಲಿ ಮಾತಾಡಿದರಷ್ಟೆ. ನಿರ್ಬಂಧ ಮುಂದೆ ಸಡಿಲವಾಯಿತಾದರೂ ಮೊಂಟಿಟನ್ ಹೊರಟುಹೋದ 1885ರಿಂದ 1888ರವರೆಗೆ ಅವರ ಬಳಿ ಇನ್ನೊಬ್ಬ ಪಾದ್ರಿ ಇರಲಿಲ್ಲ. ಅವರ ದೇಹದಲ್ಲಿ ರೋಗ ವೇಗವಾಗಿ ಹರಡುತ್ತಿದ್ದುದು ಈ ವರ್ಷಗಳಲ್ಲಿಯೇ. ಮೇಲಿಂದ ಮೇಲೆ ಒಬ್ಬ ಪಾದ್ರಿಯನ್ನು ಕಳುಹಿಸಿರೆಂದು ಬೇಡಿದರು. ಇದಕ್ಕೆ ಹೊನೊಲುಲುವಿನ ಅವರ ಹಿರಿಯರು ತೋರಿದ ನಿರ್ಲಕ್ಷ್ಯವನ್ನು ಸಂತಚರಿತೆಗಳು ಬೇಗ ದಾಟಿಬಿಡುತ್ತವೆ. ದೇವರಿಗಾಗಿ ಎಲ್ಲವನ್ನೂ ಬಿಟ್ಟವನಿಗೆ ದೇವರ ಕ್ಷಮೆಯ ಮಾತೊಂದನ್ನು ಕೇಳಲು ಜನರಿಲ್ಲದ ಈ ಸ್ಥಿತಿ ಅವರ ಬದುಕಿನ ಅತ್ಯಂತ ಕಠಿಣ ಭಾಗವೆಂದು ನನ್ನ ಭಾವನೆ. ರೋಗ ಅವರಿಗೆ ನಿರೀಕ್ಷಿತ. ಈ ಒಂಟಿತನ ನಿರೀಕ್ಷಿತವಲ್ಲ.

ರೋಗ ಖಚಿತವಾದ ಸಂದರ್ಭದ ಬಗೆಗೆ ಒಂದು ಪ್ರಸಿದ್ಧ ಕಥೆಯಿದೆ. 1884ರ ಡಿಸೆಂಬರಿನಲ್ಲಿ ಬಿಸಿನೀರಿನಲ್ಲಿ ಕಾಲಿಟ್ಟಾಗ ಚರ್ಮ ಸುಟ್ಟರೂ ಅವರಿಗೆ ನೋವು ತಿಳಿಯಲಿಲ್ಲ. ಮುಂದೆ ಜರ್ಮನ್ ವೈದ್ಯ ಆರ್ನಿಂಗ್ ಪರೀಕ್ಷಿಸಿ ಕುಷ್ಠವೆಂದು ಹೇಳಿದ. ಇಷ್ಟು ಸತ್ಯ. ಕಥೆ ಮುಂದುವರಿದು, ಅಂದಿನ ಉಪದೇಶದಲ್ಲಿ ಡೇಮಿಯನ್ ಮೊದಲ ಬಾರಿಗೆ ತಮ್ಮನ್ನು ರೋಗಿಗಳೊಡನೆ ಸೇರಿಸಿಕೊಂಡು ನಾವು ಎಂದು ಸಂಬೋಧಿಸಿದರೆಂದೂ, ಸಭೆಗೆ ಆಗ ವಿಷಯ ತಿಳಿಯಿತೆಂದೂ ಹೇಳುತ್ತದೆ. ಆದರೆ ಅವರು 1873ರಲ್ಲಿ ಬರೆದ ಪತ್ರದಲ್ಲಿಯೇ ತಾವು ಉಪದೇಶದಲ್ಲಿ ಹಾಗೆ ಸಂಬೋಧಿಸುವುದನ್ನು ತಿಳಿಸಿದ್ದಾರೆ. ಕಥೆಗಿಂತ ಪತ್ರದ ಸಾಕ್ಷ್ಯ ದೊಡ್ಡದು. ರೋಗ ಬಂದ ಮೇಲೆ ಅವರು ರೋಗಿಗಳಲ್ಲಿ ಒಬ್ಬರಾದುದಲ್ಲ. ಸರ್ವನಾಮ ಮೊದಲು ಬಂದಿತು, ರೋಗ ಹನ್ನೊಂದು ವರ್ಷಗಳ ನಂತರ ಬಂದಿತು.

ಇದೇ ಆರ್ನಿಂಗ್ 1884ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೆಯಾನು ಎಂಬ ಹವಾಯಿಯ ಕೈದಿಯ ಶಿಕ್ಷೆಯನ್ನು ಇಳಿಸುವ ಷರತ್ತಿನ ಮೇಲೆ ಅವನ ದೇಹಕ್ಕೆ ರೋಗದ ಅಂಶವನ್ನು ಸೇರಿಸಿ ಪ್ರಯೋಗ ಮಾಡಿದ್ದ. ಕೆಯಾನು ರೋಗಿಯಾಗಿ 1892ರಲ್ಲಿ ಕಲವಾವೊದಲ್ಲಿ ಸತ್ತ. ರೋಗವನ್ನು ಅರಿಯುವ ವಿಜ್ಞಾನ ಮತ್ತು ರೋಗಿಯ ಬಳಿ ನಿಲ್ಲುವ ಸೇವೆ ಎರಡೂ ಒಂದೇ ಕಾಲದಲ್ಲಿ ಅಲ್ಲಿದ್ದವು ಎಂಬುದನ್ನು ಮರೆಯಬಾರದು.

ರೋಗ ತಗಲುವುದನ್ನು ತಪ್ಪಿಸಬಹುದಾಗಿತ್ತೇ? ಈ ಪ್ರಶ್ನೆಯನ್ನು ಭಕ್ತಿಯ ಬರಹಗಳು ಕೇಳುವುದಿಲ್ಲ. ಡೇಮಿಯನ್ ರೋಗಿಗಳೊಡನೆ ಒಂದೇ ಪಾತ್ರೆಯಿಂದ ಅಲ್ಲಿನ ಗೆಡ್ಡೆಯ ಅಂಬಲಿಯಾದ ಪೊಯ್ ತಿನ್ನುತ್ತಿದ್ದರು. ಅವರಿಗೆ ತಮ್ಮ ಚಿಲುಮೆಯನ್ನು ಸೇದಲು ಕೊಡುತ್ತಿದ್ದರು. 1883ರಲ್ಲಿ ಅಮೆರಿಕದ ಸಿರಾಕ್ಯೂಸ್‌ನಿಂದ ಹವಾಯಿಗೆ ಬಂದು, 1888ರ ನವೆಂಬರಿನಲ್ಲಿ ಕಲೌಪಾಪಕ್ಕೆ ಬಂದ ಫ್ರಾನ್ಸಿಸ್ಕನ್ ಸನ್ಯಾಸಿನಿ ಮದರ್ ಮೇರಿಯನ್ ಕೋಪ್ ಬೇರೆ ದಾರಿ ಹಿಡಿದರು. ಕೈತೊಳೆಯುವುದರಲ್ಲಿ, ಊಟದಲ್ಲಿ ಕಟ್ಟುನಿಟ್ಟಿನ ನಿಯಮವಿಟ್ಟರು. ಅವರ ಸೋದರಿಯರಲ್ಲಿ ಯಾರಿಗೂ ರೋಗ ತಗಲಲಿಲ್ಲ; ಅವರು 1918ರವರೆಗೆ ಅಲ್ಲಿಯೇ ದುಡಿದರು. 1886ರಲ್ಲಿ ಬಂದ ಅಮೆರಿಕದ ಮಾಜಿ ಸೈನಿಕ ಜೋಸೆಫ್ ಡಟನ್ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಗಾಯ ತೊಳೆದೂ ರೋಗಿಯಾಗಲಿಲ್ಲ. ಬಹುಪಾಲು ಜನರ ದೇಹಕ್ಕೆ ಈ ರೋಗಾಣುವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆಯೆಂಬುದು ಇಂದಿನ ವೈದ್ಯಕೀಯದ ತಿಳಿವು. ಹಾಗಾದರೆ ಡೇಮಿಯನ್ನರ ತ್ಯಾಗ ಅನಗತ್ಯವಾಗಿತ್ತೇ? ಹಾಗೆನ್ನುವುದು ಅವಸರದ ತೀರ್ಮಾನವಾದೀತು. ಮೇರಿಯನ್ ಬರುವ ವೇಳೆಗೆ ರೋಗಿಗಳನ್ನು ಮುಟ್ಟಬಹುದೆಂಬ ಮಾತು ಸಾಬೀತಾಗಿತ್ತು. 1873ರಲ್ಲಿ ವೈದ್ಯರು ಕೂಡ ಔಷಧಿಯನ್ನು ದೂರದಲ್ಲಿಟ್ಟು ಹೋಗುತ್ತಿದ್ದರು. ಊಟದ ಪಾತ್ರೆಯನ್ನು ಪ್ರತ್ಯೇಕಿಸಿದ ಅತಿಥಿಯನ್ನು ಹವಾಯಿಯ ಜನ ತಮ್ಮವನೆಂದು ಬಗೆಯುತ್ತಿರಲಿಲ್ಲ. ಎರಡು ಬಗೆಯ ಸೇವೆಗೂ ಅದರದರ ಕಾಲವಿದೆ. ಆದರೂ ಮೇರಿಯನ್ ಅವರ ಮುಂಜಾಗ್ರತೆಯನ್ನು ಭಕ್ತಿಯ ಕೊರತೆಯೆಂಬಂತೆ, ಡೇಮಿಯನ್ನರ ಅಜಾಗ್ರತೆಯನ್ನೇ ಪುಣ್ಯವೆಂಬಂತೆ ಚಿತ್ರಿಸುವ ಪ್ರವೃತ್ತಿಯನ್ನು ಒಪ್ಪಲಾಗದು.

1886ರಲ್ಲಿ ಅವರು ಹೊನೊಲುಲುವಿನ ಕಕಾಕೊ ಆಸ್ಪತ್ರೆಗೆ ಹೋಗಿ ಜಪಾನಿ ವೈದ್ಯ ಗೋಟೊ ಅವರ ಸ್ನಾನಚಿಕಿತ್ಸೆಯನ್ನು ನೋಡಿ ಬಂದರು. ಕಲವಾವೊದಲ್ಲಿಯೂ ಅದನ್ನು ಆರಂಭಿಸಿದರು. ಸಾವನ್ನು ಬಯಸಿದವರ ವರ್ತನೆ ಇದಲ್ಲ. ಅದೇ ವರ್ಷ ಊರಿನಲ್ಲಿ ತಾಯಿ ತೀರಿಕೊಂಡರು. ಮಗನ ಸ್ಥಿತಿಯನ್ನು ಹಿಗ್ಗಿಸಿ ಬರೆದ ಪತ್ರಿಕೆಗಳ ಸುದ್ದಿ ಅಲ್ಲಿಗೆ ತಲುಪಿತ್ತು. 1888ರ ಕೊನೆಯಲ್ಲಿ ಇಂಗ್ಲೆಂಡಿನ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡ್, ಅಂಡಮಾನಿನಲ್ಲಿ ಕುಷ್ಠರೋಗಿಗಳ ಮೇಲೆ ಬಳಸಿ ನೋಡಿದ್ದ ಗುರ್ಜನ್ ಎಣ್ಣೆಯನ್ನು ತೆಗೆದುಕೊಂಡು ಬಂದ. ಅವರ ಚಿತ್ರವನ್ನೂ ಬರೆದ. ಮುಖವೆಲ್ಲ ಗಂಟುಕಟ್ಟಿ ವಿಕಾರವಾಗಿದ್ದರೂ ಡೇಮಿಯನ್ ಆಗಲೂ ದೇವಾಲಯದ ಕಟ್ಟಡದ ಕೆಲಸದಲ್ಲಿ ತೊಡಗಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಲ್ಜಿಯಂನವರೇ ಆದ ಫಾದರ್ ಕೊನ್ರಾರ್ಡಿ ಬಂದುದರಿಂದ ಪಾಪನಿವೇದನೆಯ ಚಿಂತೆ ನೀಗಿತು. 1889ರ ಮಾರ್ಚ್ ಕೊನೆಯಲ್ಲಿ ಹಾಸಿಗೆ ಹಿಡಿದರು. ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ ಬೆಳಿಗ್ಗೆ ತೀರಿಕೊಂಡರು. ವಯಸ್ಸು 49. ಮೊದಲ ರಾತ್ರಿಗಳನ್ನು ಕಳೆದ ಮರದ ಅಡಿಯಲ್ಲಿಯೇ ಅವರನ್ನು ಹೂಳಲಾಯಿತು.

ನಾಲ್ಕು ತಿಂಗಳೊಳಗೆ ಹೊನೊಲುಲುವಿನ ಪ್ರಾಟೆಸ್ಟಂಟ್ ಪಾದ್ರಿ ಹೈಡ್ ಬರೆದ ಖಾಸಗಿ ಪತ್ರವೊಂದು ಪತ್ರಿಕೆಯಲ್ಲಿ ಪ್ರಕಟವಾಗಿ ವಿವಾದವೆದ್ದಿತು. ಡೇಮಿಯನ್ ಒರಟರು, ಕೊಳಕರು, ಹಟಮಾರಿಗಳು. ಅವರಿಗೆ ರೋಗ ಬಂದುದು ಹೆಂಗಸರೊಡನೆಯ ಅನುಚಿತ ಸಂಬಂಧದಿಂದ ಎಂಬುದು ಅದರ ಸಾರಾಂಶ. ಡೇಮಿಯನ್ ಸತ್ತ ಮರು ತಿಂಗಳು ಕಲೌಪಾಪಕ್ಕೆ ಹೋಗಿ ಕೆಲದಿನ ಉಳಿದು ಬಂದಿದ್ದ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ 1890ರ ಫೆಬ್ರವರಿಯಲ್ಲಿ ಸಿಡ್ನಿಯಿಂದ ಬಹಿರಂಗ ಪತ್ರ ಬರೆದು ಹೈಡರಿಗೆ ಉತ್ತರ ಕೊಟ್ಟ. ಸ್ಟೀವನ್‌ಸನ್ ಕಥೋಲಿಕನಲ್ಲ. ಒರಟುತನ, ಹಟಮಾರಿತನಗಳನ್ನು ಅವನು ಅಲ್ಲಗಳೆಯಲೂ ಇಲ್ಲ. ಅವು ಇದ್ದೇ ಆ ಮನುಷ್ಯ ಹೋಗಿ ನಿಂತಿದ್ದನೆಂಬುದು ಅವನ ವಾದ. ಸಂತಚರಿತೆಯ ಚೌಕಟ್ಟನ್ನು ಬಿಟ್ಟು ಡೇಮಿಯನ್ನರನ್ನು ಕಾಣುವ ಪ್ರಯತ್ನ ಹೀಗೆ ಅವರ ಅತ್ಯುತ್ತಮ ಸಮರ್ಥಕನಿಂದಲೇ ಆರಂಭವಾಯಿತು. ನಡತೆಯ ಬಗೆಗಿನ ಆರೋಪಕ್ಕೆ ಆಧಾರ ದೊರೆಯಲಿಲ್ಲ.

ಅಣ್ಣ ಪ್ಯಾಂಫಿಲ್ ತಮ್ಮನ ಪತ್ರಗಳನ್ನು 1889ರಲ್ಲಿಯೇ ಸಂಪಾದಿಸಿದರು. 1895ರಲ್ಲಿ, ವಯಸ್ಸಾದ ಮೇಲೆ, ತಾವೂ ಕಲವಾವೊಗೆ ಬಂದರು. ಮೂವತ್ತೆರಡು ವರ್ಷಗಳ ಹಿಂದೆ ತಪ್ಪಿಹೋದ ಪ್ರಯಾಣ ಅದು. ಆದರೆ ಅಲ್ಲಿ ಹೆಚ್ಚು ಕಾಲ ನಿಲ್ಲಲಾರದೆ ಬೆಲ್ಜಿಯಂಗೆ ಹಿಂತಿರುಗಿದರು. ಈ ಹಿಂತಿರುಗುವಿಕೆಯನ್ನು ಹಗುರವಾಗಿ ಕಾಣುವ ಅಧಿಕಾರ ನಮಗಾರಿಗೂ ಇಲ್ಲ.

1936ರಲ್ಲಿ ಬೆಲ್ಜಿಯಂ ಸರ್ಕಾರದ ಕೋರಿಕೆಯಂತೆ ಡೇಮಿಯನ್ನರ ಅವಶೇಷಗಳನ್ನು ಮೊಲೊಕಾಯ್‌ನಿಂದ ತೆಗೆದು ಲೂವೇನ್‌ಗೆ ಒಯ್ಯಲಾಯಿತು. ಆಂಟ್‌ವರ್ಪ್ ಬಂದರಿನಲ್ಲಿ ರಾಜ ಮೂರನೆಯ ಲಿಯೊಪೋಲ್ಡ್ ಅವನ್ನು ಎದುರುಗೊಂಡ. ಅಗಲಿಕೆಯನ್ನೇ ರೋಗವೆಂದು ಕರೆದ ಜನರಿಂದ ಅವರನ್ನೂ ಹೀಗೆ ಬೇರ್ಪಡಿಸಲಾಯಿತು. 1995ರ ಜೂನ್ 4ರಂದು ಬ್ರಸೆಲ್ಸ್‌ನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ಧನ್ಯರೆಂದು ಸಾರಿದರು. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಸಂತಪದವಿ ನೀಡಿದರು. ಮೇರಿಯನ್ ಕೋಪ್ ಅವರಿಗೆ 2012ರಲ್ಲಿ ಸಂತಪದವಿ ದೊರೆಯಿತು. ಇವುಗಳ ನಡುವೆ ಹವಾಯಿಯವರಿಗೆ ದೊರೆತುದು ಒಂದು: 1995ರಲ್ಲಿ ಡೇಮಿಯನ್ನರ ಬಲಗೈಯ ಅವಶೇಷವನ್ನು ಹಿಂದಕ್ಕೆ ಕೊಡಲಾಯಿತು. ಪಟ್ಟಿ ಕಟ್ಟಿದ, ಹಲಗೆಗೆ ಮೊಳೆ ಹೊಡೆದ ಆ ಕೈಯನ್ನು ಸಂತ ಫಿಲೊಮಿನ ದೇವಾಲಯದ ಪಕ್ಕದ ಹಳೆಯ ಸಮಾಧಿಯಲ್ಲಿಯೇ ಇರಿಸಿದರು. ಸುತ್ತಲಿನ ಬಯಲಿನಲ್ಲಿ ಹೂಳಲ್ಪಟ್ಟ ರೋಗಿಗಳಲ್ಲಿ ಹೆಚ್ಚಿನವರ ಸಮಾಧಿಗಳಿಗೆ ಗುರುತಿನ ಕಲ್ಲು ಕೂಡ ಉಳಿದಿಲ್ಲ.